ಪಕ್ಕದೂರಿನ ಪ್ರವಾಸೋದ್ಯಮ ನಮ್ಮೂರಿಗೆ ಒಗ್ಗೀತೇ?

(ಸದಸ್ಯ ಶಿಕ್ಷಣ ವಿಭಾಗದ ಪಾಠ)



ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯ ಬೆಳೆಗಾರರು ನಾಲ್ಕು ಜನ ಸೇರಿದ ಕಡೆಯಲ್ಲೆಲ್ಲ ಈಚಿನ ವರ್ಷಗಳಲ್ಲಿ ಒಂದು ಮಾತು ಬಂದೇ ಬರುತ್ತದೆ. "ಚಿಕ್ಕಮಗಳೂರು ನೋಡಿ ಮಾರಾಯ್ರೇ, ಹ್ಯಾಗೆ ಎದ್ದು ಬಿಟ್ಟಿತು! ಮಡಿಕೇರಿಯಲ್ಲಿ ಶನಿವಾರ ಕಾಲಿಡಲು ಜಾಗವಿಲ್ಲ. ನಮ್ಮಲ್ಲೇನು ಕಮ್ಮಿ? ಗುಡ್ಡ ಇಲ್ಲವೇ, ಹೊಳೆ ಇಲ್ಲವೇ, ತೋಟ ಇಲ್ಲವೇ?" ಹೀಗೆ ಆರಂಭವಾದ ಮಾತು "ಸಂಘದಿಂದ ಸಾಲ ಸಿಕ್ಕಿದರೆ ಎರಡು ಕೋಣೆ ಕಟ್ಟಿಸಿಬಿಡಬಹುದು" ಎಂಬಲ್ಲಿಗೆ ಬಂದು ನಿಲ್ಲುತ್ತದೆ.

ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳತಕ್ಕದ್ದಲ್ಲ. ಹಳದಿ ಎಲೆ ರೋಗದಿಂದ ಬರಡಾದ ಅಡಿಕೆ ತೋಟವನ್ನು ದಿನ ಬೆಳಗಾದರೆ ನೋಡುತ್ತಿರುವವನಿಗೆ, ಅದರ ಮೇಲೆ ಎಲೆಚುಕ್ಕಿ ರೋಗವೂ ಎರಗಿದ ಮೇಲೆ, ಬೇರೊಂದು ಆದಾಯದ ದಾರಿ ಹುಡುಕುವುದು ಆಸೆಬುರುಕತನವಲ್ಲ, ಅನಿವಾರ್ಯ. ಕಾಫಿಗೆ 2024–25ರ ಹಂಗಾಮಿನಲ್ಲಿ ಹಿಂದೆ ಕಾಣದಂಥ ಬೆಲೆ ಬಂದದ್ದು ನಿಜ. ಆದರೆ 2001ರಿಂದ ಎರಡು ಮೂರು ವರ್ಷ ಕೊಯ್ಲಿನ ಕೂಲಿಯೂ ಗಿಟ್ಟದೆ ಹಣ್ಣನ್ನು ಗಿಡದಲ್ಲೇ ಬಿಡಬೇಕೇ ಎಂದು ಯೋಚಿಸಿದ ದಿನಗಳನ್ನು ಹಿರಿಯ ಸದಸ್ಯರು ಮರೆತಿಲ್ಲ. ಕೊಡಗಿನ ಎಷ್ಟೋ ಬೆಳೆಗಾರರು ಅತಿಥಿಗಳಿಗೆ ಮನೆಯ ಬಾಗಿಲು ತೆರೆದದ್ದು ಅದೇ ಕಷ್ಟದ ಕಾಲದಲ್ಲಿ. ಹೋಂಸ್ಟೇ ಎಂಬ ಶಬ್ದ ನಮ್ಮ ಮಲೆನಾಡಿಗೆ ಬಂದದ್ದು ಶೋಕಿಯಿಂದಲ್ಲ, ಕಾಫಿ ಬೆಲೆ ಬಿದ್ದದ್ದರಿಂದ.

ಆದುದರಿಂದ ಪ್ರವಾಸೋದ್ಯಮ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚಾಸ್ಪರ್ಧೆ ನಮಗೆ ಬೇಡ. ನೆರೆಯೂರು ಮಾಡಿದ್ದನ್ನು ಹಾಗೆಯೇ ನಾವೂ ಮಾಡಿದರೆ, ಬರುವ ಹಣದಲ್ಲಿ ಎಷ್ಟು ನಮ್ಮ ತಾಲ್ಲೂಕಿನಲ್ಲಿ ಉಳಿದೀತು ಎಂಬುದಷ್ಟೇ ಈ ಪಾಠದ ಪ್ರಶ್ನೆ.

ನೆರೆಯೂರಿಗೆ ಜನ ಯಾಕೆ ಬರುತ್ತಾರೆ?

ಚಿಕ್ಕಮಗಳೂರಿನವರು ಬುದ್ಧಿವಂತರು, ನಾವು ಹಿಂದುಳಿದವರು ಎಂದು ಭಾವಿಸಬೇಕಾಗಿಲ್ಲ. ಆ ಊರಿಗೆ ಸಿಕ್ಕಿರುವ ಕೆಲವು ಅನುಕೂಲಗಳು ಯಾರೂ ಯೋಜನೆ ಹಾಕಿ ಮಾಡಿದವಲ್ಲ. ಬೆಂಗಳೂರಿನಿಂದ ಅದು ಸುಮಾರು 245 ಕಿ.ಮೀ. ಬೆಳಗ್ಗೆ ಹೊರಟವನು ಮಧ್ಯಾಹ್ನದ ಊಟಕ್ಕೆ ಅಲ್ಲಿರುತ್ತಾನೆ. ಕೊಪ್ಪಕ್ಕೆ ಬರಬೇಕಾದರೆ ಅಲ್ಲಿಂದಾಚೆ ಇನ್ನೂ ಸುಮಾರು 80 ಕಿ.ಮೀ. ತಿರುವಿನ ದಾರಿ. ಎರಡು ದಿನ ರಜೆ ಇರುವವನಿಗೆ ಈ ಎರಡೂವರೆ ಗಂಟೆ ಬಹಳ ದೊಡ್ಡದು. ಹೋಗುವಾಗ ಬರುವಾಗ ಸೇರಿ ಐದು ಗಂಟೆಯಾಯಿತು.

ಎರಡನೆಯದಾಗಿ, ರಾಜ್ಯದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿ, ಸುಮಾರು 1930 ಮೀಟರ್, ಪಟ್ಟಣದ ಬೆನ್ನಿಗೇ ಇದೆ. "ರಾಜ್ಯದಲ್ಲೇ ಎತ್ತರ" ಎಂಬ ಪಟ್ಟ ಒಂದೇ ಬೆಟ್ಟಕ್ಕೆ ಇರಲು ಸಾಧ್ಯ. ನಮ್ಮ ಗುಡ್ಡ ಎಷ್ಟೇ ಚೆಂದವಿರಲಿ, ಆ ಪಟ್ಟ ನಮಗೆ ಸಿಕ್ಕುವುದಿಲ್ಲ. ಕಾಫಿಯ ಮೊದಲ ಬೀಜದ ಕತೆಯೂ ಅವರ ಬಾಬಾಬುಡನ್‌ಗಿರಿಯದೇ.

ಮೂರನೆಯದು ಮಳೆ. ಇದನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಚಿಕ್ಕಮಗಳೂರು ಪಟ್ಟಣ ಬಾಬಾಬುಡನ್ ಸಾಲಿನ ಮೂಡಣ ಮಗ್ಗುಲಲ್ಲಿದೆ. ನೈಋತ್ಯದ ಮೋಡ ನಮ್ಮ ಕಡೆ ಸುರಿದು ಬರಿದಾಗಿ ಆಚೆ ದಾಟುತ್ತದೆ. ಶೃಂಗೇರಿಯಲ್ಲಿ ಬೀಳುವ ಮಳೆಯ ಮೂರರಲ್ಲಿ ಒಂದು ಪಾಲೂ ಆ ಪಟ್ಟಣದಲ್ಲಿ ಬೀಳುವುದಿಲ್ಲ. ಹೀಗಾಗಿ ಜುಲೈ ತಿಂಗಳಲ್ಲೂ ಅಲ್ಲಿ ಪ್ರವಾಸಿಗ ಜರ್ಕಿನ್ ಹಾಕಿಕೊಂಡು ತಿರುಗಾಡುತ್ತಾನೆ, ಮಂಜು ನೋಡಿ ಸಂತೋಷಪಡುತ್ತಾನೆ. ನಮ್ಮಲ್ಲಿ ಅದೇ ಜುಲೈಯಲ್ಲಿ ಮೂರು ದಿನ ಕರೆಂಟಿಲ್ಲದೆ, ಜಿಗಣೆ ಕಚ್ಚಿಸಿಕೊಂಡು ಕುಳಿತ ಅತಿಥಿ ನಾಲ್ಕನೆಯ ದಿನ ಇರುವುದಿಲ್ಲ. ಒಂದೇ ಜಿಲ್ಲೆ, ಒಂದೇ ಬೆಳೆ. ಆದರೂ ಹವೆ ಬೇರೆ, ದಾರಿ ಬೇರೆ. ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡಿತೆಂಬ ಗಾದೆಯಲ್ಲಿ ನರಿಯ ತಪ್ಪು ಆಸೆಪಟ್ಟದ್ದಲ್ಲ, ಹುಲಿಯ ಬಣ್ಣ ಎಲ್ಲಿಂದ ಬಂತೆಂದು ವಿಚಾರಿಸದೆ ಹೋದದ್ದು.

ಇನ್ನೊಂದು ವಿಷಯ. ನಾವು ಯಾರನ್ನು ಅನುಕರಿಸಲು ಹೊರಟಿದ್ದೇವೋ ಅವರೇ ಈಗ ಬಾಗಿಲನ್ನು ಸ್ವಲ್ಪ ಮುಂದಕ್ಕೆಳೆಯುತ್ತಿದ್ದಾರೆ. ಮುಳ್ಳಯ್ಯನಗಿರಿ ಭಾಗಕ್ಕೆ ಮುಂಗಡ ನೋಂದಣಿಯನ್ನೂ ವಾಹನಗಳ ಸಂಖ್ಯೆಗೆ ಮಿತಿಯನ್ನೂ ಜಿಲ್ಲಾಡಳಿತ 2025ರಲ್ಲಿ ಜಾರಿಗೆ ತಂದಿತು. ಊಟಿ, ಕೊಡೈಕೆನಾಲ್‌ಗಳಿಗೆ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಇ–ಪಾಸ್ ಬಂತು. 2025ರ ಬೇಸಿಗೆಗೆ ಊಟಿಯ ಕಡೆ ವಾರದ ದಿನಗಳಲ್ಲಿ 6000, ವಾರಾಂತ್ಯದಲ್ಲಿ 8000 ವಾಹನಗಳೆಂದು ಕೋರ್ಟೇ ಸಂಖ್ಯೆ ಗೊತ್ತುಮಾಡಬೇಕಾಯಿತು. ನೂರೈವತ್ತು ವರ್ಷಕ್ಕೂ ಮೇಲ್ಪಟ್ಟು ಪ್ರವಾಸಿಗರನ್ನು ಕಂಡ ಗಿರಿಧಾಮದ ಅನುಭವ ಇದಾದರೆ, ಗ್ರಾಮ ಪಂಚಾಯತಿಯ ಒಂದು ಕಸದ ಗಾಡಿ ನಂಬಿಕೊಂಡಿರುವ ನಾವು ಯೋಚಿಸಬೇಕು.

ಹತ್ತು ಸಾವಿರ ರೂಪಾಯಿಯ ಲೆಕ್ಕ

ಈಗ ಒಂದು ಲೆಕ್ಕ ಮಾಡೋಣ. ಕೆಳಗಿನ ಅಂಕಿಗಳು ಪಾಠಕ್ಕಾಗಿ ಊಹಿಸಿಕೊಂಡವು. ಎಲ್ಲಿಯೂ ಸಮೀಕ್ಷೆ ಮಾಡಿ ತಂದವಲ್ಲ. ನಿಮ್ಮ ಕೈಯಲ್ಲಿ ನಿಜವಾದ ಅಂಕಿ ಇದ್ದರೆ ಇವನ್ನು ತೆಗೆದುಹಾಕಿ ಅವನ್ನು ಬರೆದುಕೊಳ್ಳಿ.

ಬೆಂಗಳೂರಿನಿಂದ ನಾಲ್ವರ ಸಂಸಾರವೊಂದು ಕಾರಿನಲ್ಲಿ ಬಂದು ಒಂದು ರಾತ್ರಿ ತಂಗಿತು. ಒಟ್ಟು ಖರ್ಚು 10,000 ರೂಪಾಯಿ. ಪೆಟ್ರೋಲಿಗೆ 2500, ಕೋಣೆಗೆ 4000, ಊಟೋಪಚಾರಕ್ಕೆ 2000, ಜೀಪಿಗೆ 1000, ಅಂಗಡಿ ವ್ಯಾಪಾರ 500. "ನಮ್ಮೂರಿಗೆ ಹತ್ತು ಸಾವಿರ ಬಂತು" ಎಂದು ಎಲ್ಲರೂ ಹೇಳುತ್ತಾರೆ. ಬಂತೇ?

ಪೆಟ್ರೋಲಿನ 2500ರಲ್ಲಿ ನಮಗೆ ಸೊನ್ನೆ ಎಂದೇ ಇಟ್ಟುಕೊಳ್ಳಿ. ಕೋಣೆಯ 4000ದಲ್ಲಿ, ಮೊಬೈಲಿನ ಮೂಲಕ ಗಿರಾಕಿ ಕಳಿಸಿದ ಕಂಪೆನಿಯ ಕಮಿಷನ್ ನೂರಕ್ಕೆ 15ರಂತೆ 600 ಹೋಯಿತು. ಕಟ್ಟಡದ ಸಾಲದ ಬಡ್ಡಿಗೆ 1000 (ಇದು ಹೇಗೆಂದು ಮುಂದೆ ನೋಡೋಣ). ಕರೆಂಟು, ಗ್ಯಾಸು, ಹಾಸಿಗೆ ಬಟ್ಟೆ ಇತ್ಯಾದಿಗೆ 600. ಗುಡಿಸಿ ಒರೆಸುವ ಸ್ಥಳೀಯ ಹೆಂಗಸಿಗೆ 500. ಉಳಿದ 1300 ಯಜಮಾನನಿಗೆ. ಊಟದ 2000ದಲ್ಲಿ ಸಾಮಾನಿಗೆ 1000. ಅದರಲ್ಲಿ ಅಕ್ಕಿ, ಎಣ್ಣೆ, ಕೋಳಿ, ಮೈದಾ ಹೊರಗಿನದು, ಹಾಲು, ಸೊಪ್ಪು, ಬಾಳೆಹಣ್ಣು ಎಂದು ಊರಿನಲ್ಲಿ ಉಳಿಯುವುದು 400. ಮಿಕ್ಕ 1000 ಅಡುಗೆಯವರ ಕೂಲಿ ಮತ್ತು ಮನೆಯವರ ಲಾಭ. ಜೀಪಿನ ಸಾವಿರದಲ್ಲಿ ಡೀಸೆಲ್ಲೂ ಕಂತೂ 600 ತಿಂದು ಹುಡುಗನಿಗೆ 400. ಅಂಗಡಿಯ 500ರಲ್ಲಿ, ಎಲ್ಲ ಬೆಟ್ಟದೂರುಗಳಲ್ಲೂ ಕಾಣುವ ಅದೇ ಚಾಕಲೇಟು, ಅದೇ ನೀಲಗಿರಿ ಎಣ್ಣೆ ಮಾರಿದರೆ ಅಂಗಡಿಯವನಿಗೆ 100.

ಯಜಮಾನ ನಮ್ಮೂರಿನವನೇ ಆಗಿದ್ದರೆ ಕೂಡಿಸಿ ನೋಡಿ. ಕೋಣೆಯಿಂದ 1800, ಊಟದಿಂದ 1400, ಜೀಪಿನಿಂದ 400, ಅಂಗಡಿಯಿಂದ 100. ಒಟ್ಟು 3700.

ಯಜಮಾನ ಹೊರಗಿನವನಾಗಿ ಮ್ಯಾನೇಜರನ್ನು ಇಟ್ಟು ನಡೆಸುತ್ತಿದ್ದರೆ? ಕೋಣೆಯ 1300ರ ಲಾಭ ಹೊರಗೆ ಹೋಯಿತು. ಕೂಲಿ 500 ಮಾತ್ರ ಉಳಿಯಿತು. ಊಟದಲ್ಲಿ ಸಾಮಾನಿನ 400, ಕೂಲಿಯ 400, ಹೀಗೆ 800. ಜೀಪು ಮತ್ತು ಅಂಗಡಿ ಹಿಂದಿನಂತೆಯೇ. ಒಟ್ಟು 1800. ಅಡುಗೆಯವರೂ ಹೊರಗಿನವರಾದರೆ ಅದೂ ಇಲ್ಲ.

ಬಂದ ಜನ ಅವರೇ, ಖರ್ಚು ಮಾಡಿದ್ದೂ ಅಷ್ಟೇ. ಉಳಿದದ್ದು ಮಾತ್ರ ಅರ್ಧಕ್ಕರ್ಧ. ಅರ್ಥಶಾಸ್ತ್ರಜ್ಞರು ಇದಕ್ಕೆ ಸೋರಿಕೆ ಎನ್ನುತ್ತಾರೆ. ಕೊಡಪಾನ ದೊಡ್ಡದೋ ಚಿಕ್ಕದೋ ಎಂಬುದಕ್ಕಿಂತ ತಳದಲ್ಲಿ ತೂತೆಷ್ಟು ಎಂಬುದನ್ನು ನಮ್ಮ ಮನೆಯ ಹೆಂಗಸರು ಮೊದಲು ನೋಡುತ್ತಾರೆ. ಸಭೆಯಲ್ಲಿ ಭಾಷಣ ಮಾಡುವವರು ಕೊಡಪಾನದ ಗಾತ್ರವನ್ನೇ ಹೊಗಳುತ್ತಾರೆ.

ಇದೇ ಹತ್ತು ಸಾವಿರ ಕಾಫಿಯಿಂದಲೋ ಅಡಿಕೆಯಿಂದಲೋ ಬಂದಿದ್ದರೆ, ಗೊಬ್ಬರ, ತುತ್ತ, ಡೀಸೆಲ್ ಎಂದು ಎರಡೂವರೆ ಸಾವಿರ ಹೊರಗೆ ಹೋದರೂ ಏಳೂವರೆ ಸಾವಿರ ಕೂಲಿಯಾಗಿ, ಸಂಸಾರದ ಖರ್ಚಾಗಿ ಇಲ್ಲಿಯೇ ಸುತ್ತುತ್ತಿತ್ತು. (ಅಸ್ಸಾಂ, ಜಾರ್ಖಂಡ್ ಕಡೆಯ ಆಳುಗಳ ಕೂಲಿ ಅವರ ಊರಿಗೆ ಹೋಗುವುದೂ ಸೋರಿಕೆಯೇ. ಅದನ್ನು ಒಪ್ಪಿಕೊಳ್ಳಬೇಕು.) ಹಾಗಾಗಿ ತೋಟದ ಒಂದು ರೂಪಾಯಿಯನ್ನು ಕಳೆದುಕೊಂಡು ಪ್ರವಾಸಿಗನ ಒಂದು ರೂಪಾಯಿ ಗಳಿಸಿದರೆ ತಾಲ್ಲೂಕಿಗೆ ನಷ್ಟವೇ. ತೋಟವನ್ನು ಕಡೆಗಣಿಸದೆ ಮೇಲಾದಾಯವಾಗಿ ಬಂದರೆ ಮಾತ್ರ ಲಾಭ.

ಬಡ್ಡಿಗೆ ರಜೆಯಿಲ್ಲ

ಕೋಣೆಗೆ ಬಡ್ಡಿ 1000 ಎಂದು ಹಾಕಿದೆವಲ್ಲ, ಅದನ್ನು ನೋಡೋಣ. 15 ಲಕ್ಷ ಸಾಲ ಮಾಡಿ ಎರಡು ಕೋಣೆ ಕಟ್ಟಿಸಿದಿರಿ. ಬಡ್ಡಿ ನೂರಕ್ಕೆ 11 ಆದರೆ ವರ್ಷಕ್ಕೆ 1,65,000. ಕೋಣೆ ತುಂಬುವ ದಿನಗಳೆಷ್ಟು? ಪ್ರವಾಸಿಗ ಬರುವುದು ಶುಕ್ರವಾರ, ಶನಿವಾರ ರಾತ್ರಿಗಳಿಗೆ. ನಮ್ಮ ಮಳೆಗಾಲದ 17 ವಾರ ಬಿಟ್ಟರೆ 35 ವಾರ, ಅಂದರೆ 70 ರಾತ್ರಿ. ದಸರಾ, ಕ್ರಿಸ್‌ಮಸ್, ಬೇಸಿಗೆ ರಜೆ ಎಂದು ಇನ್ನೊಂದು 20 ಸೇರಿಸಿ. 90 ರಾತ್ರಿ ಎರಡೂ ಕೋಣೆ ತುಂಬಿದವೆಂದರೆ ಭಾಗ್ಯ. ಬಡ್ಡಿಯನ್ನು ಹಂಚಿದರೆ ಒಂದು ಕೋಣೆಗೆ ಒಂದು ರಾತ್ರಿಗೆ 917 ರೂಪಾಯಿ, ಹತ್ತಿರ ಹತ್ತಿರ ಒಂದು ಸಾವಿರ. ಅಸಲಿನ ಕಂತು ಇದರಲ್ಲಿ ಸೇರಿಲ್ಲ.

ನಿಮ್ಮನ್ನು ನೋಡಿ ಪಕ್ಕದ ಮನೆಯವರೂ ಎರಡು ಕೋಣೆ ಕಟ್ಟಿಸಿದರು. ಕಟ್ಟಿಸಬಾರದೆಂದು ಹೇಳಲು ನೀವು ಯಾರು? ಬರುವ ಜನ ದುಪ್ಪಟ್ಟಾಗದಿದ್ದರೆ ನಿಮ್ಮ 90 ರಾತ್ರಿ 45 ಆಯಿತು. ಬಡ್ಡಿಯ ಭಾರ ಒಂದು ರಾತ್ರಿಗೆ 1833 ಆಯಿತು. ಯಜಮಾನನಿಗೆ ಉಳಿಯುತ್ತಿದ್ದ 1300ರಲ್ಲಿ 467 ಮಾತ್ರ ಉಳಿಯಿತು. ಆಗ ದರ ಇಳಿಸಿ ಪೈಪೋಟಿ ಮಾಡಬೇಕು. ಇಳಿಸಿದರೆ ಆ 467ಕ್ಕೂ ಸಂಚಕಾರ. ಒಬ್ಬ ಮಾಡಿದಾಗ ಲಾಭವಾದದ್ದು ಎಲ್ಲರೂ ಮಾಡಿದಾಗ ಲಾಭವಾಗದು ಎಂಬುದನ್ನು ವೆನಿಲ್ಲಾ ಬಳ್ಳಿ ನಮಗೆ ಚೆನ್ನಾಗಿಯೇ ಕಲಿಸಿದೆ. 2003ರ ಸುಮಾರಿಗೆ ಚಿನ್ನದ ಬೆಲೆ ಕಂಡು ನೆಟ್ಟವರು, ಕಾಯಿ ಬಿಡುವ ಹೊತ್ತಿಗೆ ಕೊಳ್ಳುವವರಿಲ್ಲದೆ ಬಳ್ಳಿ ಕಿತ್ತರು. ಅಲ್ಲಾದರೂ ಹೋದದ್ದು ಬಳ್ಳಿಯ ದುಡ್ಡು. ಇಲ್ಲಿ ಅಡಮಾನಕ್ಕೆ ಇಟ್ಟಿರುವುದು ಜಮೀನು. ಕೋಣೆ ಖಾಲಿ ಬಿದ್ದರೆ ತೋಟಕ್ಕೆ ನೋಟೀಸು ಬರುತ್ತದೆ.

ಪಕ್ಕದೂರನ್ನು ಅನುಕರಿಸುವುದರ ಮುಖ್ಯ ತೊಡಕೂ ಇದೇ. ಚಿಕ್ಕಮಗಳೂರಿನಲ್ಲಿ ಸಿಗುವುದನ್ನೇ ನಾವೂ ಕೊಟ್ಟರೆ, ಗಿರಾಕಿ ಹೊಸಬನಾಗುವುದಿಲ್ಲ. ಅದೇ ಗಿರಾಕಿಯನ್ನು 80 ಕಿ.ಮೀ. ದೂರಕ್ಕೆ ಎಳೆದುಕೊಳ್ಳಲು ನಾವು ಅವರಿಗಿಂತ ಅಗ್ಗವಾಗಬೇಕು.

ಮಳೆಯ ವರ್ಷದಲ್ಲಿ ಏನಾಗುತ್ತದೆ

"ಒಂದೇ ಬುಟ್ಟಿಯಲ್ಲಿ ಎಲ್ಲ ಮೊಟ್ಟೆ ಇಡಬಾರದು, ತೋಟ ಕೈಕೊಟ್ಟ ವರ್ಷ ಹೋಂಸ್ಟೇ ಕಾಪಾಡುತ್ತದೆ" ಎಂಬುದು ಇದರ ಪರವಾಗಿ ಕೇಳಿಬರುವ ಗಟ್ಟಿಯಾದ ವಾದ. ಇದನ್ನು ಎರಡು ಭಾಗ ಮಾಡಿ ನೋಡಬೇಕು. ತೋಟ ಕೈಕೊಡುವುದು ಎರಡು ಬಗೆಯಲ್ಲಿ: ಬೆಲೆ ಬಿದ್ದು, ಇಲ್ಲವೇ ಮಳೆ ಕೆಟ್ಟು.

ಬೆಲೆ ಬಿದ್ದ ವರ್ಷ ವಾದ ಸರಿ. ನ್ಯೂಯಾರ್ಕ್, ಲಂಡನ್ ಪೇಟೆಯಲ್ಲಿ ಕಾಫಿ ಕುಸಿದರೆ ಬೆಂಗಳೂರಿನ ಸಂಸಾರ ರಜೆಗೆ ಹೋಗುವುದನ್ನು ನಿಲ್ಲಿಸುವುದಿಲ್ಲ. ಕೊಡಗಿನವರಿಗೆ ಆ ದಿನಗಳಲ್ಲಿ ಒದಗಿಬಂದದ್ದು ಇದೇ.

ಮಳೆ ಕೆಟ್ಟ ವರ್ಷ ಮಾತ್ರ ಈ ವಾದ ನಿಲ್ಲುವುದಿಲ್ಲ. 2018ರ ಆಗಸ್ಟ್ ನೆನೆಯಿರಿ. ಮಡಿಕೇರಿಯ ಸುತ್ತಿನ ಗುಡ್ಡಗಳು ಜರಿದವು. ತೋಟಗಳು ಮಣ್ಣಿನಡಿ ಹೋದವು. ಕಾಫಿ ಕಾಯಿ ಉದುರಿತು. ಅದೇ ಹೊತ್ತಿನಲ್ಲಿ ಹೋಂಸ್ಟೇಗಳು ಅತಿಥಿಗಳನ್ನು ಸೇರಿಸಬಾರದೆಂದು ಜಿಲ್ಲಾಡಳಿತವೇ ಹೇಳಬೇಕಾಯಿತು, ಶಿರಾಡಿ ಘಾಟಿ ಮುಚ್ಚಿತು. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನ ಸರದಿ. ಚಾರ್ಮಾಡಿ ದಾರಿ ಕುಸಿಯಿತು. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ಆದ ಘೋರ ದುರಂತದ ಬಳಿಕ, ಏನೂ ಆಗದಿದ್ದ ವಯನಾಡಿನ ಇತರ ಊರುಗಳಿಗೂ ಜನ ಬರುವುದನ್ನು ನಿಲ್ಲಿಸಿದರು. ಅಂದರೆ ಅಡಿಕೆಗೆ ಕೊಳೆ ಹತ್ತಿಸುವ ಮಳೆ, ಕಾಫಿ ಕಾಯಿ ಉದುರಿಸುವ ಮಳೆ, ದಾರಿ ಮುಚ್ಚುವ ಮಳೆ ಎಲ್ಲ ಒಂದೇ. ಎರಡು ಬುಟ್ಟಿ ಇದ್ದರೂ ಹೊತ್ತಿರುವುದು ಒಂದೇ ತಲೆ. ಜಾರಿದರೆ ಎರಡೂ ಬೀಳುತ್ತವೆ. 2020ರ ಮಾರ್ಚಿನ ಲಾಕ್‌ಡೌನಿನಲ್ಲಂತೂ ಪ್ರವಾಸಿಗರ ಬುಟ್ಟಿ ಪೂರ್ತಿ ಬರಿದಾಗಿತ್ತು, ತೋಟದ ಬುಟ್ಟಿಯೇ ಮನೆ ನಡೆಸಿತು.

ಹೀಗೆ ಹೇಳಿದಾಗ "ಹಾಗಾದರೆ ಚಿಕ್ಕಮಗಳೂರಿನವರು ಹಾಳಾದರೇ?" ಎಂದು ಕೇಳುವವರುಂಟು. ಇಲ್ಲ. ಬೆಂಗಳೂರಿಗೆ ಹೋಗಿದ್ದ ಎಷ್ಟೋ ಹುಡುಗರು ಊರಿಗೆ ಮರಳಿದರು. ಬೀಳುವಂತಿದ್ದ ತೊಟ್ಟಿಮನೆಗಳಿಗೆ ಹೊಸ ಹೆಂಚು ಬಂತು. ಹೆಂಗಸರ ಕೈಗೆ ಅವರದೇ ದುಡಿಮೆಯ ಹಣ ಬಂತು. ಮೊದಲೇ ಇದ್ದ ಮನೆಯಲ್ಲಿ, ಸಾಲವಿಲ್ಲದೆ, ತಾವೇ ನಿಂತು ಮಾಡಿದವರು ಗೆದ್ದಿದ್ದಾರೆ. ಅನುಕರಿಸುವವರು ಸಾಮಾನ್ಯವಾಗಿ ಇವರನ್ನು ನೋಡುವುದಿಲ್ಲ, ಗಾಜಿನ ರೆಸಾರ್ಟನ್ನು ನೋಡುತ್ತಾರೆ.

ಆಳು, ನೀರು, ಜಮೀನು

ಪ್ರವಾಸಿಗರ ಸುಗ್ಗಿ ಅಕ್ಟೋಬರಿನಿಂದ ಜನವರಿ, ಮತ್ತೆ ಏಪ್ರಿಲ್–ಮೇ. ನಮ್ಮ ಸುಗ್ಗಿ ಯಾವಾಗ? ಅಡಿಕೆ ಕೊನೆ ತೆಗೆದು, ಸುಲಿದು, ಬೇಯಿಸಿ, ಒಣಗಿಸುವ ತಿಂಗಳುಗಳೂ ಅವೇ. ಅರೇಬಿಕಾ ಹಣ್ಣಾಗುವುದೂ ಅದೇ ನವೆಂಬರ್–ಡಿಸೆಂಬರಿನಲ್ಲಿ. ರೋಬಸ್ಟಾ ಅದರ ಬೆನ್ನಿಗೇ. ಅಡಿಕೆ ಸುಲಿಯಲು ಕುಳಿತ ಮನೆಯಾಕೆಯೇ ಅತಿಥಿಗಳಿಗೆ ಕಡುಬು ಬೇಯಿಸಬೇಕು. ಕೊನೆಗಾರನ ಮಗ ಜೀಪು ಓಡಿಸಲು ಹೋದರೆ ಅವನಿಗೆ ಒಳ್ಳೆಯದೇ. ಆದರೆ ಮುಂದಿನ ವರ್ಷ ಬೋರ್ಡೋ ಹೊಡೆಯಲು ಮರ ಹತ್ತುವವನು ಯಾರು? ಈ ಕೆಲಸದ ಕೂಲಿ ಏರದೆ ಇರುವುದಿಲ್ಲ. ಪ್ರವಾಸಿಗನ ಆದಾಯ ನಾಲ್ಕು ಮನೆಗೆ ಬಂದರೂ, ಏರಿದ ಕೂಲಿಯನ್ನು ಎಲ್ಲ ತೋಟದವರೂ ಕೊಡಬೇಕಾಗುತ್ತದೆ. ಕೂಲಿಯವನಿಗೆ ಅದು ನ್ಯಾಯವೇ. ಲೆಕ್ಕದಲ್ಲಿ ಬಿಟ್ಟುಬಿಡುವುದು ಮಾತ್ರ ಸರಿಯಲ್ಲ.

ನೀರಿನ ಮಾತು. ಹೋಟೆಲಿನ ಒಂದು ಹಾಸಿಗೆಗೆ ದಿನಕ್ಕೆ 180 ಲೀಟರ್ ನೀರು ಬೇಕೆಂದು ನಮ್ಮ ದೇಶದ ಕಟ್ಟಡ ಮಾನಕ ಹೇಳುತ್ತದೆ. ಹನಿ ನೀರಾವರಿಯಲ್ಲಿ ಒಂದು ಅಡಿಕೆ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕು. ನಾಲ್ವರ ಸಂಸಾರ ಒಂದು ದಿನ ತಂಗಿದರೆ 720 ಲೀಟರ್, ಸುಮಾರು 40 ಮರದ ಪಾಲು. ಒಂದೆರಡು ಮನೆಗೆ ಇದು ದೊಡ್ಡ ಲೆಕ್ಕವಲ್ಲ ಎಂದು ಒಪ್ಪೋಣ. ಈಜುಕೊಳ ಬಂದಾಗ ಲೆಕ್ಕ ಬದಲಾಗುತ್ತದೆ. ಹತ್ತು ಮೀಟರ್ ಉದ್ದ, ಐದು ಮೀಟರ್ ಅಗಲ, ಸರಾಸರಿ ಒಂದೂಕಾಲು ಮೀಟರಿಗೂ ಸ್ವಲ್ಪ ಕಡಿಮೆ ಆಳದ ಸಣ್ಣ ಕೊಳಕ್ಕೇ 60,000 ಲೀಟರ್ ಬೇಕು. ಅದು ಆರು ಎಕರೆ ಅಡಿಕೆ ತೋಟದ ಒಂದು ದಿನದ ನೀರು. ತುಂಬಿಸುವುದು ಏಪ್ರಿಲ್ ತಿಂಗಳಲ್ಲಿ, ಹಳ್ಳ ಬತ್ತಿ, ಹೂಮಳೆ ಕೈಕೊಟ್ಟವರು ಕಾಫಿಗೆ ಸ್ಪ್ರಿಂಕ್ಲರ್ ಹಚ್ಚಲು ಕೆರೆ ನೋಡುತ್ತಿರುವ ಹೊತ್ತಿನಲ್ಲಿ. ಮೇಲಿನವನು ಕೊಳ ತುಂಬಿಸಿದರೆ ಕೆಳಗಿನವನ ಹಳ್ಳ ಖಾಲಿ. ನೀರಿನ ಜಗಳ ಕೋರ್ಟು ಹತ್ತಿದರೆ ಎರಡು ತಲೆಮಾರು ಇಳಿಯುವುದಿಲ್ಲವೆಂಬುದು ಮಲೆನಾಡಿನಲ್ಲಿ ಹೊಸ ವಿಷಯವಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ಜಮೀನು. ಭೂಸುಧಾರಣಾ ಕಾಯಿದೆಗೆ 2020ರಲ್ಲಿ ತಿದ್ದುಪಡಿಯಾದ ಮೇಲೆ, ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳುವುದಕ್ಕಿದ್ದ ಹಿಂದಿನ ತಡೆ ಹೋಗಿದೆ. ನೋಟ ಚೆನ್ನಾಗಿರುವ ಗುಡ್ಡದ ತುದಿಗೆ ಈಗ ಬೆಲೆ ಹೇಳುವವನು ಕಾಫಿ ಎಷ್ಟು ಮೂಟೆ ಬರುತ್ತದೆಂದು ಕೇಳುವುದಿಲ್ಲ. ಮಾರುವವನಿಗೆ ಒಮ್ಮೆ ದೊಡ್ಡ ಮೊತ್ತ ಸಿಗುತ್ತದೆ. ಅವನ ಪಕ್ಕದಲ್ಲಿ ಎರಡೆಕರೆ ಇದ್ದು ಇನ್ನೆರಡು ಎಕರೆ ಕೊಂಡು ಬದುಕು ಕಟ್ಟಿಕೊಳ್ಳಬೇಕೆಂದಿದ್ದ ಯುವಕನಿಗೆ ಆ ಬೆಲೆ ಎಂದೂ ಎಟುಕುವುದಿಲ್ಲ. ಕೃಷಿ ಆದಾಯದಿಂದ ತೀರಿಸಲಾಗದ ಬೆಲೆ ಜಮೀನಿಗೆ ಬಂದ ಊರಿನಲ್ಲಿ ಕೃಷಿಕನ ಮಗ ಕೃಷಿಕನಾಗುವುದು ಕಷ್ಟ. ಅವನು ಸಂಘದ ಸದಸ್ಯನಾಗುವುದೂ ಇಲ್ಲ.

ನಮ್ಮ ದಾರಿಯಲ್ಲೇ ಹೋಗುತ್ತಿರುವ ಜನ

ಹಾಗಾದರೆ ಕೈಕಟ್ಟಿ ಕುಳಿತುಕೊಳ್ಳಬೇಕೇ? ನಮ್ಮ ಅಭಿಪ್ರಾಯದಲ್ಲಿ ನಾವು ಜನರನ್ನು ಹೊಸದಾಗಿ ಕರೆಯುವ ಮೊದಲು ಈಗಾಗಲೇ ಬರುತ್ತಿರುವವರನ್ನು ನೋಡಬೇಕು. ಶೃಂಗೇರಿ ಶಾರದೆಯ ದರ್ಶನಕ್ಕೆ ಮಳೆಗಾಲ, ಬೇಸಿಗೆ, ಸೋಮವಾರ, ಭಾನುವಾರ ಎಂಬ ಭೇದವಿಲ್ಲದೆ ಜನ ಬರುತ್ತಾರೆ. ಹೊರನಾಡು, ಹರಿಹರಪುರ, ಬಾಳೆಹೊನ್ನೂರು, ಸಿಂಹನಗದ್ದೆಗಳಿಗೆ ಹೋಗುವವರು, ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕವಿಮನೆ ನೋಡಲು ಬರುವ ಶಾಲಾ ಮಕ್ಕಳು, ಇವರೆಲ್ಲ ನಮ್ಮ ಪೇಟೆಗಳನ್ನು ದಾಟಿಯೇ ಹೋಗಬೇಕು. 2023ರ ಜೂನ್ 11ರಂದು ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಆರಂಭವಾದ ಮೇಲೆ ದೇವಸ್ಥಾನದ ಊರುಗಳಿಗೆ ಹೆಣ್ಣುಮಕ್ಕಳ ಓಡಾಟ ಎದ್ದು ಕಾಣುವಷ್ಟು ಹೆಚ್ಚಿದೆ.

ಇವರು ನಾಲ್ಕು ಸಾವಿರದ ಕೋಣೆ ಹಿಡಿಯುವವರಲ್ಲ. ಆದರೆ ಒಂದು ಲೋಟ ಕಾಫಿ ಕುಡಿಯುತ್ತಾರೆ, ಮನೆಗೆ ಏನಾದರೂ ಕಟ್ಟಿಸಿಕೊಂಡು ಹೋಗುತ್ತಾರೆ. ವಿಪರ್ಯಾಸವೆಂದರೆ ಕಾಫಿ ಸೀಮೆಯ ಬಸ್‌ಸ್ಟ್ಯಾಂಡಿನಲ್ಲಿ ಅವರಿಗೆ ಸಿಗುವುದು ಬಹಳ ಕಡೆ ಎಲ್ಲಿಯದೋ ಚಿಕೋರಿ ಬೆರೆಸಿದ ಪುಡಿಯ ಕಾಫಿ. ಹಿಂದಿನ ಲೆಕ್ಕದ ಅಂಗಡಿ ವ್ಯಾಪಾರವನ್ನು ಮತ್ತೆ ನೋಡಿ. ಹೊರಗಿನ ಚಾಕಲೇಟು ಮಾರಿದಾಗ 500ರಲ್ಲಿ ಉಳಿದದ್ದು 100. ಅದೇ 500ಕ್ಕೆ ನಮ್ಮ ಸದಸ್ಯರ ಕಾಫಿಪುಡಿ, ಕಾಳುಮೆಣಸು, ಜೇನು, ಅಪ್ಪೆಮಿಡಿ ಉಪ್ಪಿನಕಾಯಿ, ಹಾಳೆತಟ್ಟೆ ಮಾರಿದರೆ 400 ಇಲ್ಲಿಯೇ ಉಳಿದೀತು. ಇದಕ್ಕೆ ಗುಡ್ಡ ಅಗೆಯಬೇಕಾಗಿಲ್ಲ, ಈಜುಕೊಳ ಬೇಕಾಗಿಲ್ಲ; ಹುರಿಯುವ ಯಂತ್ರ, ಬೀಸುವ ಯಂತ್ರ, ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಮಳಿಗೆ ಬೇಕು. ಒಬ್ಬ ಬೆಳೆಗಾರ ಮಾಡಲಾಗದ, ಸಂಘ ಮಾಡಬಹುದಾದ ಕೆಲಸ.

ಹೆಸರೂ ನಮಗೆ ಇದೆ. 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಕಾಫಿಗಳಲ್ಲಿ "ಚಿಕ್ಕಮಗಳೂರು ಅರೇಬಿಕಾ" ಒಂದು. ಆ ಹೆಸರು ಜಿಲ್ಲೆಗೆ ಸೇರಿದ್ದು, ಪಟ್ಟಣಕ್ಕೆ ಮಾತ್ರವಲ್ಲ. ಅದನ್ನು ಪೊಟ್ಟಣದ ಮೇಲೆ ಹಾಕಲು ಅಧಿಕೃತ ಬಳಕೆದಾರರೆಂದು ನೋಂದಾಯಿಸಿಕೊಳ್ಳಬೇಕು. ಕಾಫಿ ಮಂಡಳಿಯಲ್ಲಿ ವಿಚಾರಿಸಬಹುದು. ಇನ್ನು ಕಾಫಿ ಬೆಳೆಯ ಬಗ್ಗೆ ಕಲಿಯಬಯಸುವ ಅತಿಥಿಗೆ ತೋರಿಸಲು ನಮ್ಮಲ್ಲಿರುವಷ್ಟು ಯಾರಲ್ಲಿದೆ? ಬಾಳೆಹೊನ್ನೂರಿನ ಹತ್ತಿರದ ಸಂಶೋಧನಾ ಕೇಂದ್ರ 1925ರಿಂದ ಕೆಲಸ ಮಾಡುತ್ತಿದೆ. ಪಲ್ಪರ್ ನಡೆಯುವುದನ್ನು, ಅಡಿಕೆ ಬೇಯಿಸುವ ಹಂಡೆಯನ್ನು, ಕಣದಲ್ಲಿ ಹರವಿದ ಪಾರ್ಚ್‌ಮೆಂಟನ್ನು ನೋಡಲು ಬರುವ ಹತ್ತು ಜನರಿಂದ ಅರ್ಧ ದಿನಕ್ಕೆ ಶುಲ್ಕ ಪಡೆದು, ಊಟ ಹಾಕಿ, ಪೊಟ್ಟಣ ಕಟ್ಟಿಕೊಟ್ಟು ಕಳಿಸಿದರೆ ಕೋಣೆಯ ಸಾಲವೇ ಇಲ್ಲ. ನಮ್ಮ ಸುಗ್ಗಿಯ ಕೆಲಸವೇ ಅವರ ನೋಟ. ಆಳಿನ ಪೈಪೋಟಿಯೂ ಇಲ್ಲಿ ಕಡಿಮೆ.

ಇದರಿಂದ ತಾಲ್ಲೂಕು ರಾತ್ರೋರಾತ್ರಿ ಶ್ರೀಮಂತವಾಗುವುದಿಲ್ಲ. ಎಲೆಚುಕ್ಕಿಯ ನಷ್ಟವನ್ನೂ ಇದು ಪೂರ್ತಿ ತುಂಬಿಕೊಡದು. ಕಳೆದುಕೊಳ್ಳುವ ಭಯ ಕಡಿಮೆಯೆಂಬುದೇ ಇದರ ಗುಣ.

ಖಾಲಿ ಕೋಣೆ, ಹಳೆಯ ಗಟ್ಟಿ ಮನೆ, ಅಡುಗೆಯಲ್ಲಿ ಉತ್ಸಾಹವಿರುವ ಮನೆಮಂದಿ ಇದ್ದವರು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಿ ಹೋಂಸ್ಟೇ ಮಾಡಲಿ, ಅಭ್ಯಂತರವಿಲ್ಲ. ಹೊಸ ಕಟ್ಟಡಕ್ಕೆ ತೋಟ ಅಡವಿಡುವವರು ಮಾತ್ರ ಅರ್ಜಿಗೆ ಮುಂಚೆ ಈ ಕೆಲಸ ಮಾಡಿರಿ. ಒಂದು ನೋಟುಪುಸ್ತಕ ಹಿಡಿದು, ನಿಮ್ಮ ಮನೆಗೆ ಅತ್ಯಂತ ಹತ್ತಿರದಲ್ಲಿ ಈಗ ನಡೆಯುತ್ತಿರುವ ಹೋಂಸ್ಟೇಯವರನ್ನು ಕೇಳಿ, ಕಳೆದ ಹನ್ನೆರಡು ತಿಂಗಳಲ್ಲಿ ಎಷ್ಟು ರಾತ್ರಿ ಕೋಣೆ ತುಂಬಿತ್ತೆಂದು ತಿಂಗಳುವಾರು ಬರೆದುಕೊಳ್ಳಿ. ಅದರ ಪಕ್ಕದಲ್ಲಿ ನಿಮ್ಮ ತೋಟದ ಕೆಲಸಗಳ ತಿಂಗಳುಗಳನ್ನು ಬರೆಯಿರಿ. ಮೂರನೆಯ ಸಾಲಿನಲ್ಲಿ ನಿಮ್ಮ ಕೆರೆ ಅಥವಾ ಬಾವಿಯ ನೀರಿನ ಮಟ್ಟ. ನಾಲ್ಕನೆಯದರಲ್ಲಿ, ಆ ರಾತ್ರಿಗಳ ಅರ್ಧ ಮಾತ್ರ ನಿಮಗೆ ಸಿಕ್ಕಿದರೆ ಬಡ್ಡಿ ಎಷ್ಟು ಬೀಳುತ್ತದೆಂಬ ಲೆಕ್ಕ. ಆ ಹಾಳೆಯನ್ನು ಅಧ್ಯಯನ ಕೂಟಕ್ಕೆ ತನ್ನಿರಿ. ಬರುವಾಗ ಮನೆಯಾಕೆಯನ್ನೂ ಕರೆದುಕೊಂಡು ಬನ್ನಿರಿ. ಕಡುಬು ಬೇಯಿಸಬೇಕಾದವರ ಅಭಿಪ್ರಾಯ ಕೇಳದೆ ಈ ಲೆಕ್ಕ ಮುಗಿಯುವುದಿಲ್ಲ.